ಹೆಕ್ಕುವ ಕೆಲಸ

ಟ್ರೈ ಮಾಡು, ಅಂದಿದ್ದಳು ಅಮ್ಮ,
ಟೈಪಿಂಗ್ ಸೀನಿಯರಿನಲ್ಲಿ ನಾನು ಮೂರನೇ ಸಲ ಬಿದ್ದಾಗ.
ಅವಳಿಗೆ ಬರುತ್ತಿದ್ದ ಇಂಗ್ಲಿಷು ಒಟ್ಟು ಹನ್ನೊಂದೋ ಹನ್ನೆರಡೋ ಪದ:
ಓಟಿ, ಬೋನಸ್, ಪಿಎಫ್, ರಿಜೆಕ್ಟ್,
ಮತ್ತೆ ಕೆಲವು ಅಂಕಿಗಳು. ಒನ್ ಎಯ್ಟಿ, ಟೂ ಫಾರ್ಟಿ, ತ್ರೀ ಟ್ವೆಂಟಿ,
ಒಂದು ಪೌಂಡಿಗೆ ಎಷ್ಟು ಗೇರುಬೀಜ ಹಿಡಿಯುತ್ತದೆಂಬ ಲೆಕ್ಕ.
ಪೌಂಡನ್ನು ಅವಳು ಕಂಡವಳಲ್ಲ.
ಬೆರಳಿಗೆ ಗೊತ್ತಿತ್ತು.

ಪಡೀಲಿನ ಕಾರ್ಖಾನೆಯಲ್ಲಿ ಉದ್ದನೆಯ ಮೇಜು,
ತಲೆಗೆ ಬಿಳಿ ಟೊಪ್ಪಿ, ಮುಖ ಕಿಟಕಿಯ ಕಡೆಗೆ.
ಬೆಳಕು ಬೇಕು, ಗಾಳಿ ಬೇಡ, ಸಿಪ್ಪೆ ಹಾರುತ್ತದೆ.
ಇಡಿಯದು ಇತ್ತ, ಹೋಳು ಅತ್ತ,
ಕರಿಚುಕ್ಕೆಯದು ಬೇರೆ, ಮುರುಟಿದ್ದು ಬೇರೆ,
ನುಚ್ಚು ತಾನಾಗಿಯೇ ಜರಡಿಯ ಕೆಳಗೆ.
ನಲವತ್ತು ಹೆಂಗಸರ ಮಾತು ಒಂದೇ ಸವನೆ.
ಕೈ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ನಾಲ್ಕನೇ ಸಲಕ್ಕೆ ಪಾಸಾಗಿ ನಾನು
ಕರಂಗಲ್ಪಾಡಿಯ ಕೋರ್ಟಿನಲ್ಲಿ ಸಾಕ್ಷಿಗಳ ಮಾತು ಬೆರಳಚ್ಚು ಮಾಡುತ್ತೇನೆ.
ಒಂದು ಮಧ್ಯಾಹ್ನ ಕರೆಂಟು ಹೋಯಿತು,
ವಕೀಲರು ಬನ್ಸು ತಿನ್ನಲು ಹೋದರು.
ಕಪಾಟಿನ ಮೇಲೆ ಸೊಂಟ ಮುರಿದು ಬಿದ್ದಿದ್ದ ನಿಘಂಟನ್ನು
ಸುಮ್ಮನೆ ತೆರೆದೆ.

ಟ್ರೈ ಅಂದರೆ ಮೊದಲು ಯತ್ನವಲ್ಲವಂತೆ.
ಹಳೆಯ ಫ್ರೆಂಚರ ಬಾಯಲ್ಲಿ ಅದು ಹೆಕ್ಕುವುದು,
ಒಳ್ಳೆಯದನ್ನು ಕೆಟ್ಟದ್ದರಿಂದ ಬಿಡಿಸಿ ಬದಿಗಿಡುವುದು.
ಕಡಲು ದಾಟಿ ಕೋರ್ಟು ಹತ್ತಿತು,
ನಿಜವನ್ನು ಸುಳ್ಳಿನಿಂದ ಆರಿಸಲು.
ಆಮೇಲೆ ಪರೀಕ್ಷಿಸುವುದು. ಎಲ್ಲಕ್ಕೂ ಕಡೆಗೆ,
ದಣಿದ ಮೇಲೆ, ಪ್ರಯತ್ನ.
ಫ್ರೆಂಚಿಗೂ ಹಿಂದೆ? ತೆನೆ ಒಕ್ಕುವುದೋ, ಉಜ್ಜುವುದೋ, ಏನೋ.
ಖಚಿತವಿಲ್ಲ ಎಂದು ನಿಘಂಟು ಕೈ ತೊಳೆದುಕೊಂಡಿದೆ.

ನನಗೆ ನೆನಪಾದದ್ದು ಸೆವ್ರಿನ್ ಬಾಯಮ್ಮನ ಕೇಸು.
ಕಾರ್ಖಾನೆಯ ಗೇಟಿನಲ್ಲಿ ಬುತ್ತಿ ಬಿಚ್ಚಿಸಿದ್ದರು.
ಗಂಜಿಯ ಡಬ್ಬಿಯ ಅಡಿಯಲ್ಲಿ ಕಾಗದದ ಪೊಟ್ಟಣ,
ನಲವತ್ತೊಂದು ಬೀಜ.
ನಾಲ್ಕು ವರ್ಷ ಅರಗಿನ ಮುದ್ರೆಯೊಳಗಿದ್ದು
ಅರ್ಧ ಹುಳ ತಿಂದಿತ್ತು.
ಮೂರನೇ ಸಾಕ್ಷಿ, ದೇಯಕ್ಕ, ನನ್ನ ಅಮ್ಮ.
ಅಂದು ಡ್ಯೂಟಿಯಲ್ಲಿ ನಾನೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದು ಕಂಪೆನಿಯ ಮಾಲು ಹೌದೋ ಅಲ್ಲವೋ?
ಅಮ್ಮ ಮಾತಾಡಲಿಲ್ಲ. ಕಟಕಟೆಯ ಅಂಚಿನಲ್ಲಿ
ಕಾಗದ ಹರಡಿ ಹೆಕ್ಕತೊಡಗಿದಳು.
ಸಾಹೇಬರು ಪೆನ್ನು ಕೆಳಗಿಟ್ಟರು.
ಒಂದನ್ನು ಮೂಸಿದಳು, ಒಂದನ್ನು ಬೆಳಕಿಗೆ ಹಿಡಿದಳು,
ಮೂವತ್ತೆಂಟನ್ನು ಮುಂದಕ್ಕೆ ತಳ್ಳಿದಳು.
"ಇದು ನಮ್ಮದಲ್ಲ ಸ್ವಾಮಿ. ನಮ್ಮದು ಆವಿಯಲ್ಲಿ ಬೇಯಿಸಿದ್ದು,
ಬೆಳ್ಳಗೆ ಇರ್ತದೆ. ಇದು ಕೆಂಡಕ್ಕೆ ಹಾಕಿ ಸುಟ್ಟದ್ದು.
ಇವಳ ಹಿತ್ತಿಲಲ್ಲಿ ಮರ ಉಂಟು."

ಮೂವತ್ತೆಂಟು.
ನಾನು ಎಣಿಸಿದ್ದೆ. ಉಳಿದ ಮೂರು ಅವಳ ಅಂಗೈಯ ಕೆಳಗಿದ್ದವು.
ಆ ಬದಿಯ ವಕೀಲರು ಗಡಿಯಾರ ನೋಡುತ್ತಿದ್ದರು.
ಅಮ್ಮ ಕೈ ಎತ್ತುವಾಗ ಎಲ್ಲ ಮತ್ತೆ ಒಂದೇ ರಾಶಿ.
ಸಾಕ್ಷಿಯು ಸ್ವತ್ತನ್ನು ಮುಟ್ಟಿ ನೋಡಿ ಹೇಳುತ್ತಾರೆ, ಎಂದು
ನಾನು ಬೆರಳಚ್ಚು ಮಾಡಿದೆ.
ಕೇಳದ ಪ್ರಶ್ನೆಗೆ ಕೀಲಿಯಿಲ್ಲ.

ಬಾಯಮ್ಮ ಖುಲಾಸೆಯಾದಳು. ಕೆಲಸ ವಾಪಸು ಸಿಗಲಿಲ್ಲ.
ಮೊನ್ನೆ ಜಪ್ಪುವಿನ ಬಸ್ಸಿನಲ್ಲಿ ಕಂಡು
ಗುರುತು ಹಿಡಿಯದ ಹಾಗೆ ಕಿಟಕಿಯ ಹೊರಗೆ ನೋಡಿದಳು.

ಆ ರಾತ್ರಿ ಅಮ್ಮ ಕುಚ್ಚಲಕ್ಕಿಯ ಗೆರಸೆ ತೊಡೆಯ ಮೇಲಿಟ್ಟು
ಕೂತಿದ್ದಳು, ಬಲ್ಬಿನ ಕೆಳಗೆ.
ಆ ಮೂರು? ಅಂದೆ.
ಅವಳ ತೋರುಬೆರಳು ಒಂದು ಕಲ್ಲನ್ನು
ಅಕ್ಕಿಯ ಅಂಚಿನವರೆಗೂ ತಂದು
ಅಲ್ಲೇ ಸ್ವಲ್ಪ ನಿಂತಿತು.
"ಯಾವ ಮೂರು?"